ಗರ್ಭಮಲ ಮತ್ತು ಶಿಶುವಿನ ಮೊದಲ ಉಸಿರು: ಒಂದು ಚಿಕಿತ್ಸಾಕ್ರಮದ ಚರಿತ್ರೆ

ಪೀಣ್ಯದ ಕೈಗಾರಿಕಾ ಪ್ರದೇಶದ ಅಂಚಿನಲ್ಲಿರುವ ಒಂದು ಹೆರಿಗೆ ಆಸ್ಪತ್ರೆಯ ಮೊಗಸಾಲೆಯಲ್ಲಿ ಕೆಲವು ವರ್ಷಗಳ ಹಿಂದೆ ನಾವು ಒಂದು ರಾತ್ರಿಯನ್ನು ಕಳೆಯಬೇಕಾಗಿ ಬಂದಿತ್ತು. ನಮ್ಮ ಬಂಧುಗಳೊಬ್ಬರ ಸೊಸೆಗೆ ಅದು ಚೊಚ್ಚಲ ಹೆರಿಗೆ. ತವರು ರಾಯಚೂರಿನ ಕಡೆ ಬಹು ದೂರವಾದುದರಿಂದ ವಾಡಿಕೆಯಂತೆ ಅಲ್ಲಿಗೆ ಹೋಗುವುದು ಆಕೆಗೆ ಸಾಧ್ಯವಾಗಿರಲಿಲ್ಲ. ನಸುಕಿನಲ್ಲಿ ಮಗು ಹುಟ್ಟಿತು, ಆದರೆ ಅಳಲಿಲ್ಲ. ಮೈಯೆಲ್ಲ ಹಸಿರು ದ್ರವದಲ್ಲಿ ಅದ್ದಿದಂತಿದ್ದ ಆ ಶಿಶುವನ್ನು ವೈದ್ಯರು ಒರೆಸಿ, ಮೂಗುಬಾಯಿಗಳ ಮೇಲೆ ಮಾಸ್ಕನ್ನಿರಿಸಿ, ಚೀಲವನ್ನೊತ್ತಿ ಗಾಳಿ ತುಂಬಿದರು. ಸ್ವಲ್ಪ ಹೊತ್ತಿನಲ್ಲಿ ಮಗು ನರಳಿತು. ಅದನ್ನು ಕೂಡಲೆ ಬೇರೊಂದು ದೊಡ್ಡ ಆಸ್ಪತ್ರೆಗೆ ಸಾಗಿಸಿದರು.

ಹೆರಿಗೆಯ ಕೋಣೆಯಲ್ಲಿ ಜೊತೆಗಿದ್ದ ಬಾಣಂತಿಯ ದೊಡ್ಡಮ್ಮ ಹೊರಗೆ ಬಂದವರೇ, “ಕೂಸು ಹೊಲಸು ಕುಡಿದುಬಿಟ್ಟಿದೆ. ಇವರು ಪೈಪು ಹಾಕಿ ಹೀರಿ ತೆಗೆಯಲೇ ಇಲ್ಲ!” ಎಂದರು. ಅವರದು ಅರಿಯದವರ ಮಾತಾಗಿರಲಿಲ್ಲ. ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಅವರು ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿ ದುಡಿದವರು. ಹಸಿರು ನೀರಿನಲ್ಲಿ ಬಂದ ಕೂಸಿಗೆ ಎಲ್ಲಕ್ಕಿಂತ ಮೊದಲು ಹೀರುವ ಕೆಲಸವೇ ಆಗುತ್ತಿದ್ದುದನ್ನು ಕಣ್ಣಾರೆ ಕಂಡವರು. ಮನೆಯವರು ವೈದ್ಯರ ಮೇಲೆ ದೂರು ಕೊಡುವ ಆಲೋಚನೆಯಲ್ಲಿದ್ದರು. ಆ ದೊಡ್ಡಮ್ಮನ ಸಾಕ್ಷ್ಯ ಸುಳ್ಳಾಗಿರಲಿಲ್ಲ. ವೈದ್ಯರ ನಡೆಯೂ ತಪ್ಪಾಗಿರಲಿಲ್ಲ. ಇವೆರಡೂ ಏಕಕಾಲದಲ್ಲಿ ನಿಜವಾಗಿರುವುದು ಹೇಗೆಂಬುದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ. ವೈದ್ಯಶಾಸ್ತ್ರದಲ್ಲಿ ನಮಗೆ ಅಧಿಕಾರವಿಲ್ಲ. ಆಧಾರಗಳನ್ನು ತೂಗಿ ನೋಡುವ ಅಭ್ಯಾಸ ಮಾತ್ರ ನಮ್ಮದು, ಮತ್ತು ಈ ಪ್ರಕರಣದಲ್ಲಿ ಅದಕ್ಕೆ ಸಾಕಷ್ಟು ಕೆಲಸವುಂಟು.

ಮೊದಲು ಹೆಸರಿನ ವಿಷಯ. ಗರ್ಭಸ್ಥ ಶಿಶುವಿನ ಕರುಳಿನಲ್ಲಿ ಸೇರಿಕೊಂಡಿರುವ, ಕಪ್ಪು ಮಿಶ್ರಿತ ಹಸಿರು ಬಣ್ಣದ, ಅಂಟಂಟಾದ ಮೊದಲ ಮಲಕ್ಕೆ ಪಾಶ್ಚಾತ್ಯ ವೈದ್ಯರು ‘ಮೆಕೋನಿಯಮ್’ ಎನ್ನುತ್ತಾರೆ. ಗ್ರೀಕರಲ್ಲಿ ‘ಮೆಕೋನ್’ ಎಂದರೆ ಗಸಗಸೆಯ ಗಿಡ. ಅದರ ರಸವನ್ನು, ಎಂದರೆ ಅಫೀಮನ್ನು, ಹೋಲುವುದೆಂಬ ಕಾರಣದಿಂದ ಬಂದ ಈ ಹೆಸರು ಅರಿಸ್ಟಾಟಲನ ಕಾಲಕ್ಕಾಗಲೇ ಬಳಕೆಯಲ್ಲಿತ್ತು. ನಾವು ಇದನ್ನು ಇಲ್ಲಿ ಗರ್ಭಮಲವೆಂದು ಕರೆಯುತ್ತೇವೆ. ಕರುಳಿನ ಒಳಪೊರೆಯಿಂದ ಕಳಚಿದ ಕಣಗಳು, ಲೋಳೆ, ಪಿತ್ತ, ಶಿಶುವು ನುಂಗಿದ ಗರ್ಭಜಲದ ಶೇಷ, ನವುರಾದ ಕೂದಲು ಇವೆಲ್ಲ ಅದರಲ್ಲಿರುತ್ತವೆ. ಹುಟ್ಟಿದ ಒಂದೆರಡು ದಿನಗಳಲ್ಲಿ ಅದು ಹೊರಬೀಳುವುದು ಸಹಜಕ್ರಮ. ಆದರೆ ನೂರು ಹೆರಿಗೆಗಳಲ್ಲಿ ಸುಮಾರು ಹತ್ತರಿಂದ ಹದಿನೈದರಲ್ಲಿ ಶಿಶುವು ಹುಟ್ಟುವ ಮುನ್ನವೇ ಅದನ್ನು ವಿಸರ್ಜಿಸಿ, ಗರ್ಭಜಲವು ಹಸಿರಾಗಿರುತ್ತದೆ. 34 ವಾರಗಳು ತುಂಬುವ ಮೊದಲು ಇದು ವಿರಳ. ದಿನ ತುಂಬಿ ಮೀರಿದ ಗರ್ಭದಲ್ಲಿ ಹೆಚ್ಚು.

ಹಸಿರು ನೀರು ಕಂಡ ಮಾತ್ರಕ್ಕೆ ಗಾಬರಿಗೆ ಕಾರಣವಿಲ್ಲ. ಅಂತಹ ನೂರು ಶಿಶುಗಳಲ್ಲಿ ಸುಮಾರು ತೊಂಬತ್ತೈದು ಯಾವ ತೊಂದರೆಯೂ ಇಲ್ಲದೆ ಬೆಳೆಯುತ್ತವೆ. ಉಳಿದ ಐದರ ಕಥೆ ಬೇರೆ. ಮಾಸಿನಿಂದಲೋ ಹೊಕ್ಕುಳಬಳ್ಳಿಯಿಂದಲೋ ಬರಬೇಕಾದ ಆಮ್ಲಜನಕಕ್ಕೆ ಕೊರತೆಯಾದಾಗ ಗರ್ಭದಲ್ಲಿರುವಾಗಲೇ ಶಿಶುವು ಏದುಸಿರು ಬಿಡುತ್ತದೆ. ಮಲಿನವಾದ ಜಲವು ಆಗ ಶ್ವಾಸನಾಳದ ಆಳಕ್ಕೆ ಇಳಿಯುತ್ತದೆ. ಅಲ್ಲಿ ಅದು ಮಾಡುವ ಕೇಡು ಹಲವು ಬಗೆಯದು. ಕಿರಿದಾದ ನಾಳಗಳಲ್ಲಿ ಅದು ಬೆಣೆಯಂತೆ ಸಿಕ್ಕಿಕೊಳ್ಳುತ್ತದೆ. ಉಸಿರೆಳೆದುಕೊಳ್ಳುವಾಗ ನಾಳವು ಹಿಗ್ಗಿ ಗಾಳಿ ಒಳಹೋಗುವುದು, ಬಿಡುವಾಗ ನಾಳವು ಕುಗ್ಗಿ ಗಾಳಿ ಒಳಗೇ ಉಳಿಯುವುದು. ಹೀಗೆ ಉಬ್ಬಿದ ಭಾಗವು ಕೆಲವೊಮ್ಮೆ ಒಡೆದು ಗಾಳಿ ಎದೆಗೂಡಿಗೆ ಸೋರುವುದುಂಟು. ಗರ್ಭಮಲದಲ್ಲಿರುವ ಪಿತ್ತ ಮೊದಲಾದ ದ್ರವ್ಯಗಳು ಶ್ವಾಸಕೋಶವನ್ನು ಕೆರಳಿಸಿ ಉರಿಯೂತವನ್ನುಂಟುಮಾಡುತ್ತವೆ. ಗಾಳಿಗೂಡುಗಳು ಮುದುಡದಂತೆ ಕಾಯುವ ‘ಸರ್ಫ್ಯಾಕ್ಟಂಟ್’ ಎಂಬ ತೆಳು ಲೇಪವೂ ಅದರಿಂದ ನಿಷ್ಫಲವಾಗುತ್ತದೆ. ಇವೆಲ್ಲಕ್ಕಿಂತ ಭಯಂಕರವಾದುದೆಂದರೆ, ಹುಟ್ಟಿದೊಡನೆ ಸಡಿಲಗೊಳ್ಳಬೇಕಾದ ಶ್ವಾಸಕೋಶದ ರಕ್ತನಾಳಗಳು ಬಿಗಿದುಕೊಂಡೇ ಇದ್ದು, ರಕ್ತವು ಶ್ವಾಸಕೋಶಕ್ಕೆ ಹೋಗದೆ ಗರ್ಭದಲ್ಲಿದ್ದಾಗಿನ ಹಳೆಯ ಮಾರ್ಗವನ್ನೇ ಹಿಡಿಯುವುದು. ಆಗ ಎಷ್ಟು ಆಮ್ಲಜನಕವನ್ನು ಕೊಟ್ಟರೂ ಶಿಶುವು ನೀಲಿಗಟ್ಟಿಯೇ ಇರುತ್ತದೆ.

ಇಷ್ಟನ್ನು ತಿಳಿದ ಯಾರಿಗಾದರೂ, ಹೊಲಸನ್ನು ಮೊದಲು ಹೀರಿ ತೆಗೆದು ಆಮೇಲೆ ಉಸಿರಾಡಿಸಬೇಕೆಂದು ತೋರುವುದು ಸಹಜವೇ ಸರಿ. ಬಾಯಿಗಂಟಲುಗಳನ್ನು ಶುಚಿಮಾಡುವ ಯೋಚನೆ ನಮ್ಮಲ್ಲಿಯೂ ಹಳೆಯದು. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ, ಉಗುರು ಕತ್ತರಿಸಿದ ಬೆರಳಿಗೆ ಹತ್ತಿಯನ್ನು ಸುತ್ತಿ ಮಗುವಿನ ಅಂಗುಳು, ತುಟಿ, ಕಂಠ, ನಾಲಗೆಗಳನ್ನು ಒರೆಸಬೇಕೆಂಬ ವಿಧಿಯಿದೆ. ಆದರೆ ಅಲ್ಲಿಯ ಅನುಕ್ರಮವನ್ನು ಗಮನಿಸಬೇಕು. ಕಿವಿಯ ಬುಡದಲ್ಲಿ ಕಲ್ಲುಗಳನ್ನು ಒಂದಕ್ಕೊಂದು ಬಡಿಯುವುದು, ಮುಖಕ್ಕೆ ತಣ್ಣೀರನ್ನೋ ಬಿಸಿನೀರನ್ನೋ ಎರಚುವುದು, ಚಲನೆಯಿಲ್ಲದಿದ್ದರೆ ಪ್ರಾಣ ಮರಳುವವರೆಗೆ ಮೊರದಿಂದ ಬೀಸುವುದು ಇವು ಮೊದಲು. ಪ್ರಾಣ ಮರಳಿದ ತರುವಾಯ ಸ್ನಾನ. ಬಾಯಿ ಒರೆಸುವುದು ಅದಕ್ಕೂ ಅನಂತರ. ಇದರಿಂದ ಚರಕನಿಗೆ ಈಗಿನದೆಲ್ಲವೂ ಗೊತ್ತಿತ್ತೆಂದು ಸಾಧಿಸಹೊರಡುವುದು ಇತಿಹಾಸವಾಗಲಾರದು. ಕಲ್ಲು ಬಡಿಯುವುದರಿಂದ ಉಸಿರು ಬರುವುದೆಂದು ನಾವು ಹೇಳುವುದಿಲ್ಲ. ಉಸಿರು ಮೊದಲು, ಶುದ್ಧಿ ಆಮೇಲೆ ಎಂಬ ಕ್ರಮವೊಂದು ಇಲ್ಲಿಯ ಗ್ರಂಥದಲ್ಲಿತ್ತೆಂಬಷ್ಟನ್ನೇ ಗುರುತುಹಾಕಿಕೊಳ್ಳುತ್ತೇವೆ. ನಮ್ಮ ಹಳ್ಳಿಗಳ ಸೂಲಗಿತ್ತಿಯರು ಏನು ಮಾಡುತ್ತಿದ್ದರೆಂಬುದಕ್ಕೆ ಬರಹದ ಆಧಾರ ಕಡಮೆ. 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷದ ಡಿಸೆಂಬರಿನಲ್ಲಿ ನಿಧನರಾದ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಂಥವರ ವಿದ್ಯೆ ಕೈಯಿಂದ ಕೈಗೆ ಬಂದುದು. ಅದರ ಬಹುಭಾಗ ಅವರ ಕೈಯೊಡನೆಯೇ ಹೋಯಿತು.

ಇನ್ನು ಹೀರುವ ಪದ್ಧತಿಯ ಉದಯಕ್ಕೆ ಬರೋಣ. ಅದು ವೈದ್ಯರ ನಿಯಮವಾಗಿ ನೆಲೆನಿಂತುದು 1974ರಿಂದ 1976ರ ಒಳಗೆ, ಅಮೆರಿಕದಲ್ಲಿ. 1974ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜಾರ್ಜ್ ಗ್ರೆಗರಿ ಮತ್ತು ಅವರ ಸಂಗಡಿಗರು, ಹಸಿರು ನೀರಿನಲ್ಲಿ ಹುಟ್ಟಿದ ಶಿಶುಗಳ ಶ್ವಾಸನಾಳಕ್ಕೆ ಕೊಳವೆಯಿಳಿಸಿ ಹೀರುವುದರಿಂದ ರೋಗ ತಗ್ಗುವುದೆಂದು ಪ್ರತಿಪಾದಿಸಿದರು. ಮರುವರ್ಷ ಟಿಂಗ್ ಮತ್ತು ಬ್ರೇಡಿ ಎಂಬವರು ಹಳೆಯ ದಾಖಲೆಗಳನ್ನು ತೆರೆದು ನೋಡಿದಾಗ, ಹೀರಿದ 97 ಶಿಶುಗಳಲ್ಲಿ ಒಂದು, ಹೀರದ 28 ಶಿಶುಗಳಲ್ಲಿ ಏಳು ತೀರಿಕೊಂಡಿದ್ದುವು. 1976ರಲ್ಲಿ ಕಾರ್ಸನ್ ಮತ್ತಿತರರು ಇನ್ನೂ ಮುಂದೆ ಹೋಗಿ, ತಲೆ ಹೊರಬಂದೊಡನೆ, ಭುಜಗಳು ಇನ್ನೂ ಒಳಗಿರುವಾಗಲೇ ಗಂಟಲನ್ನು ಹೀರಬೇಕೆಂದರು. ಈ ಮೂರು ಬರಹಗಳ ಮೇಲೆ ಕಾಲು ಶತಮಾನದ ಪದ್ಧತಿ ನಿಂತಿತು. ಜಗತ್ತಿನ ಪಠ್ಯಪುಸ್ತಕಗಳೂ ಅವುಗಳ ಮೂಲಕ ನಮ್ಮ ಆಸ್ಪತ್ರೆಗಳೂ ಅದನ್ನು ಸ್ವೀಕರಿಸಿದುವು. ಕೊಳವೆಯ ಒಂದು ತುದಿಯನ್ನು ಮಗುವಿನ ಗಂಟಲಿಗಿಳಿಸಿ, ಇನ್ನೊಂದು ತುದಿಯನ್ನು ವೈದ್ಯರು ತಮ್ಮ ಬಾಯಲ್ಲಿಟ್ಟುಕೊಂಡೇ ಹೀರುತ್ತಿದ್ದುದನ್ನು ನಮ್ಮ ದೊಡ್ಡಮ್ಮ ಬಣ್ಣಿಸಿದುದುಂಟು. ‘ಮ್ಯೂಕಸ್ ಸಕ್ಕರ್’ ಎಂಬ ಆ ಸಾಧನದ ನಡುವೆ ಹೊಲಸನ್ನು ಹಿಡಿಯುವ ಒಂದು ಪುಟ್ಟ ಡಬ್ಬಿಯಿರುತ್ತದೆ. ಪರರ ಮಗುವಿಗಾಗಿ ಅಷ್ಟನ್ನು ಮಾಡಿದವರ ಶ್ರದ್ಧೆಯನ್ನು ಯಾರೂ ಹಗುರವಾಗಿ ಕಾಣಲಾಗದು.

ಆದರೆ ಆಧಾರಗಳ ವಿಷಯ ಬೇರೆ. ಶಾಸನವೊಂದನ್ನು ಓದುವಾಗ ಅದನ್ನು ಬರೆಯಿಸಿದವನಾರು, ಏತಕ್ಕೆ ಬರೆಯಿಸಿದ ಎಂದು ನಾವು ಕೇಳುತ್ತೇವಷ್ಟೆ. ಅದೇ ಪ್ರಶ್ನೆಯನ್ನು ಇಲ್ಲಿಯೂ ಹಾಕಬೇಕು. ಹೀರದೆ ಬಿಟ್ಟ 28 ಶಿಶುಗಳು ಹೀರಿದ 97ಕ್ಕೆ ಸಮಾನವಾಗಿದ್ದುವೇ? ಚೀಟಿಯೆತ್ತಿದಂತೆ ಯದೃಚ್ಛೆಯಿಂದ ಅವನ್ನು ಬೇರ್ಪಡಿಸಿರಲಿಲ್ಲ; ಹಿಂದೆ ನಡೆದುದನ್ನು ದಾಖಲೆಗಳಿಂದ ಹೆಕ್ಕಲಾಗಿತ್ತು. ಕಾರ್ಸನ್ ಅವರದು ಹೊಸ ಪದ್ಧತಿ ಬಂದ ಮೇಲಿನ ಶಿಶುಗಳನ್ನು ಅದಕ್ಕೆ ಹಿಂದಿನ ಶಿಶುಗಳೊಡನೆ ಹೋಲಿಸಿದ ಲೆಕ್ಕ. ಆ ನಡುವಿನ ವರ್ಷಗಳಲ್ಲಿ ಪ್ರಸವದ ಆರೈಕೆಯಲ್ಲಿ ಬೇರೇನು ಬದಲಾಯಿತೆಂಬುದು ಅಂತಹ ಲೆಕ್ಕಕ್ಕೆ ಸಿಗುವುದಿಲ್ಲ. ರಾಜನೊಬ್ಬನು ಪಟ್ಟಕ್ಕೆ ಬಂದ ವರ್ಷ ಒಳ್ಳೆಯ ಮಳೆಯಾದರೆ ಮಳೆ ಅವನ ಪುಣ್ಯದಿಂದ ಬಂದಿತೆಂದು ಬರೆದ ಪ್ರಶಸ್ತಿಕಾರರನ್ನು ನಾವು ಬಲ್ಲೆವು.

ಸರಿಯಾದ ಪರೀಕ್ಷೆ ನಡೆಯಲು 2000ದವರೆಗೆ ಕಾಯಬೇಕಾಯಿತು. ಆ ವರ್ಷ ವಿಸ್‌ವೆಲ್ ಮತ್ತು ಸಂಗಡಿಗರು, ಹುಟ್ಟಿದೊಡನೆ ಚಟುವಟಿಕೆಯಿಂದಿದ್ದ 2,094 ಶಿಶುಗಳನ್ನು ಯದೃಚ್ಛೆಯಿಂದ ಎರಡು ಗುಂಪು ಮಾಡಿ ನೋಡಿದ ಫಲವನ್ನು ಪ್ರಕಟಿಸಿದರು. ನಾಳಕ್ಕೆ ಕೊಳವೆಯಿಳಿಸಿ ಹೀರಿದವುಗಳಲ್ಲಿ ನೂರಕ್ಕೆ 3.2, ಹೀರದವುಗಳಲ್ಲಿ ನೂರಕ್ಕೆ 2.7 ರೋಗಕ್ಕೆ ಗುರಿಯಾಗಿದ್ದುವು. ಎಂದರೆ ಲಾಭವೇನೂ ಇಲ್ಲ. 2004ರಲ್ಲಿ ಆರ್ಜೆಂಟೀನದ ವೇಯ್ನ್ ಮತ್ತಿತರರು ತಲೆ ಹೊರಬಂದಾಗ ಹೀರುವ ಕ್ರಮವನ್ನು 2,514 ಶಿಶುಗಳಲ್ಲಿ ಪರೀಕ್ಷಿಸಿದರು. ಎರಡು ಗುಂಪಿನಲ್ಲಿಯೂ ರೋಗದ ಪ್ರಮಾಣ ನೂರಕ್ಕೆ ನಾಲ್ಕರಂತೆ ಒಂದೇ ಆಗಿತ್ತು. ಕಾರಣವನ್ನು ಮೇಲೆಯೇ ಸೂಚಿಸಿದ್ದೇವೆ: ಕೇಡು ಬಹುಮಟ್ಟಿಗೆ ಗರ್ಭದಲ್ಲಿಯೇ ಆಗಿಹೋಗಿರುತ್ತದೆ.

ಇನ್ನೊಂದು ಪ್ರಶ್ನೆ ಉಳಿದಿತ್ತು. ನಮ್ಮ ಬಂಧುವಿನ ಕೂಸಿನಂತೆ ಅಳದೆ, ಸೊರಗಿ ಹುಟ್ಟಿದ ಶಿಶುವಿನ ಗತಿಯೇನು? ಅಂತಹವನ್ನು ಹೀರದೆ ಬಿಡಲು ಪಾಶ್ಚಾತ್ಯ ವೈದ್ಯರಿಗೆ ಧೈರ್ಯ ಸಾಲಲಿಲ್ಲ. ಇಲ್ಲಿಯೇ ನಮ್ಮ ದೇಶದ ಆಸ್ಪತ್ರೆಗಳು ಚರಿತ್ರೆಯನ್ನು ಪ್ರವೇಶಿಸುವುದು. ಪುದುಚೇರಿಯ ಜಿಪ್‌ಮರ್ ಸಂಸ್ಥೆಯಲ್ಲಿ ಇಂತಹ 122 ಶಿಶುಗಳಲ್ಲಿ ನಡೆದ ಪರೀಕ್ಷೆ 2015ರಲ್ಲಿಯೂ, ದೆಹಲಿಯಲ್ಲಿ 175 ಶಿಶುಗಳಲ್ಲಿ ನಡೆದುದು 2016ರಲ್ಲಿಯೂ ಪ್ರಕಟವಾದುವು. ಹೀರಿದುದರಿಂದ ರೋಗವೂ ಮರಣವೂ ಕಡಮೆಯಾದುದು ಎರಡರಲ್ಲಿಯೂ ಕಾಣಲಿಲ್ಲ. 2015ರ ಅಂತರರಾಷ್ಟ್ರೀಯ ಮಾರ್ಗಸೂಚಿಗಳು, ಸೊರಗಿದ ಶಿಶುವಿಗೂ ವಾಡಿಕೆಯಾಗಿ ನಾಳವನ್ನು ಹೀರಬೇಕಾಗಿಲ್ಲವೆಂದು ತಿದ್ದುಪಡಿಯಾದುವು. ಒರೆಸಿ, ಬೆಚ್ಚಗಿರಿಸಿ, ಉಸಿರಿಲ್ಲದಿದ್ದರೆ ಮೊದಲ ಒಂದು ನಿಮಿಷದೊಳಗೆ ಚೀಲದಿಂದ ಗಾಳಿ ತುಂಬಬೇಕು. ಕೊಳವೆಯ ಕೆಲಸದಲ್ಲಿ ಆ ನಿಮಿಷ ಕಳೆಯಬಾರದು. ಪೀಣ್ಯದ ಆ ವೈದ್ಯರು ನಡೆದುದು ಈ ಸೂಚನೆಯಂತೆ. ನಿಯಮ ಬದಲಾದ ಸುದ್ದಿ, ಅದಕ್ಕೆ ಮೊದಲೇ ನಿವೃತ್ತರಾದ ಆಯಾ ಒಬ್ಬರಿಗೆ ತಲುಪುವ ದಾರಿ ಯಾವುದೂ ಇರಲಿಲ್ಲ.

ಮೇಲೆ ಹೇಳಿದ ಜಾರ್ಜ್ ಗ್ರೆಗರಿಯವರನ್ನು ಇಲ್ಲಿಗೇ ಬಿಡುವುದು ಅನ್ಯಾಯವಾದೀತು. ಅವರ ಇನ್ನೊಂದು ಕಾರ್ಯ 1971ರದು. ದಿನ ತುಂಬದೆ ಹುಟ್ಟಿ ಉಸಿರಿಗೆ ಕಷ್ಟಪಡುವ ಶಿಶುಗಳು ಉಸಿರು ಬಿಡುವಾಗ ನರಳುತ್ತವೆ. ಆ ನರಳಿಕೆ ನೋವಿನದಲ್ಲವೆಂದೂ, ಗಂಟಲನ್ನು ಅರೆ ಮುಚ್ಚಿಕೊಂಡು ಒಳಗೆ ಸ್ವಲ್ಪ ಗಾಳಿಯ ಒತ್ತಡವನ್ನು ಉಳಿಸಿಕೊಳ್ಳುವ ಪ್ರಯತ್ನವೆಂದೂ ತಿಳಿದು, ಅದೇ ಒತ್ತಡವನ್ನು ಹೊರಗಿನಿಂದ ಸತತವಾಗಿ ಕೊಟ್ಟು ನೋಡಿದರು. ಹೀಗೆ ಚಿಕಿತ್ಸೆ ಪಡೆದ 20 ಶಿಶುಗಳಲ್ಲಿ 16 ಉಳಿದುವು. ‘ಸಿಪ್ಯಾಪ್’ ಎಂದು ವೈದ್ಯರು ಕರೆಯುವುದು ಇದನ್ನೇ. ಇದರ ಅತಿ ಸರಳವಾದ ರೂಪದಲ್ಲಿ ಮೂಗಿಗೆ ಹೊಂದಿಸಿದ ನಳಿಕೆಯಿಂದ ಹೊರಡುವ ಗಾಳಿಯ ಕೊಳವೆಯ ತುದಿಯನ್ನು ನೀರಿನ ಸೀಸೆಯಲ್ಲಿ ಐದು ಸೆಂಟಿಮೀಟರ್ ಮುಳುಗಿಸಿಟ್ಟರೆ, ಅಷ್ಟು ಆಳದ ನೀರಿನ ಒತ್ತಡ ಶಿಶುವಿನ ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಗುಳುಗುಳು ಶಬ್ದ ಕೇಳುತ್ತಿರುವವರೆಗೆ ಯಂತ್ರ ನಡೆಯುತ್ತಿದೆಯೆಂದು ದಾದಿಗೆ ತಿಳಿಯುತ್ತದೆ. ಗರ್ಭಮಲದಿಂದ ನರಳುವ ಶಿಶುಗಳಿಗೆ ಇದು ಅಪಾಯಕರವೆಂಬ ಶಂಕೆ ಬಹುಕಾಲವಿತ್ತು, ಏಕೆಂದರೆ ಅವುಗಳಲ್ಲಿ ಗಾಳಿ ಮೊದಲೇ ಒಳಗೆ ಸಿಕ್ಕಿಕೊಂಡಿರುತ್ತದೆ. 2018ರಲ್ಲಿ ಪ್ರಕಟವಾದ, 135 ಶಿಶುಗಳ ಮೇಲಣ ಭಾರತೀಯ ಪರೀಕ್ಷೆ ಆ ಶಂಕೆಯನ್ನು ಬಹುಮಟ್ಟಿಗೆ ನಿವಾರಿಸಿತು. ಬರಿಯ ಆಮ್ಲಜನಕ ಪಡೆದವುಗಳಲ್ಲಿ ನೂರಕ್ಕೆ 25ಕ್ಕೆ ಕೃತಕ ಶ್ವಾಸಯಂತ್ರ ಬೇಕಾಗಿದ್ದರೆ, ಈ ಒತ್ತಡವನ್ನು ಪಡೆದವುಗಳಲ್ಲಿ ನೂರಕ್ಕೆ ಮೂರಕ್ಕೆ ಮಾತ್ರ ಬೇಕಾಯಿತು. ಒಬ್ಬನೇ ವೈದ್ಯನ ಎರಡು ಕೃತಿಗಳಲ್ಲಿ ಒಂದು ಕೈಬಿಟ್ಟುಹೋಯಿತು. ಇನ್ನೊಂದು, ಮೊದಲನೆಯದು ಯಾವ ರೋಗಕ್ಕೆಂದು ಹುಟ್ಟಿತ್ತೋ ಆ ರೋಗಕ್ಕೇ ಒದಗಿತು.

ಈಗ ಬೆಂಗಳೂರಿನ ಹೊರವಲಯಕ್ಕೆ ಮರಳಬಹುದು. ವೈಟ್‌ಫೀಲ್ಡ್ 1882ರಲ್ಲಿ ಡಿ. ಎಸ್. ವೈಟ್ ಎಂಬವರ ಮುಂದಾಳುತನದಲ್ಲಿ ಆಂಗ್ಲೋ-ಇಂಡಿಯನ್ನರ ಬೇಸಾಯದ ಊರಾಗಿ ಆರಂಭವಾದುದು. ಪೀಣ್ಯ 1970ರ ದಶಕದಲ್ಲಿ ಕೈಗಾರಿಕಾ ಪ್ರದೇಶವಾದುದು. ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಆರ್. ಕೆ. ಬಾಳಿಗರ ಕಾಲದಲ್ಲಿ ಕಿಯೋನಿಕ್ಸ್ ಸಂಸ್ಥೆ ಕಟ್ಟತೊಡಗಿದುದು 1978ರಲ್ಲಿ. ಹೆರಿಗೆಗೂ ಮಕ್ಕಳಿಗೂ ಮೀಸಲಾದ ಸರ್ಕಾರಿ ದೊಡ್ಡಾಸ್ಪತ್ರೆಗಳಾದರೋ ಹಳೆಯ ನಗರದ ಕಡೆಯವು: 1935ರ ವಾಣಿವಿಲಾಸ ಆಸ್ಪತ್ರೆ ಕೋಟೆಯ ಬಳಿಯಲ್ಲಿದೆ, 1991ರ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಬಳಿಯಲ್ಲಿದೆ. ಹೊರವಲಯದಲ್ಲಿ ಖಾಸಗಿ ಆಸ್ಪತ್ರೆಗಳು ಇಂದು ಬಹಳವಾಗಿವೆ. ಆದರೆ ದಿನಗೂಲಿಯವನ ಮನೆಯವರಿಗೆ ನವಜಾತ ಶಿಶುವಿನ ತೀವ್ರ ಶುಶ್ರೂಷೆಯ ವೆಚ್ಚ ಎಟಕುವುದಲ್ಲ. ಅವರು ಎಲೆಕ್ಟ್ರಾನಿಕ್ ಸಿಟಿಯಿಂದಲೋ ವೈಟ್‌ಫೀಲ್ಡಿನಿಂದಲೋ ಸುಮಾರು 20 ಕಿಲೋಮೀಟರ್ ವಾಹನಗಳ ದಟ್ಟಣೆಯಲ್ಲಿ ಕೂಸನ್ನೆತ್ತಿಕೊಂಡು ನಗರದೊಳಕ್ಕೆ ಬರಬೇಕು. ರಾಜ್ಯದಲ್ಲಿ 108ರ ಆಂಬುಲೆನ್ಸ್ ಸೇವೆ 2008ರ ನವೆಂಬರಿನಿಂದ ಇದೆ. ವಾಹನ ಬಂದಿತು, ಆಮ್ಲಜನಕವೂ ಇತ್ತು; ದಾರಿಯುದ್ದಕ್ಕೂ ಶಿಶುವಿನ ಶ್ವಾಸಕೋಶವನ್ನು ತೆರೆದಿಡುವ ಒತ್ತಡವನ್ನು ಕೊಡುವ ಬಗೆ ಇರಲಿಲ್ಲ. ಹುಟ್ಟಿದಾಗ ಬದುಕಿದ್ದು ದಾರಿಯಲ್ಲಿ ಸೋಲುವ ಕೂಸುಗಳು ಹೀಗೆ ಉಂಟಾಗುತ್ತವೆ.

ಈ ಕೊರತೆಯನ್ನು ತುಂಬುವ ಒಂದು ಯತ್ನ ಬೆಂಗಳೂರಿನಲ್ಲಿಯೇ ಆಯಿತೆಂಬುದು ಗಮನಾರ್ಹ. ಇಲ್ಲಿಯ ಕೋಯೋ ಲ್ಯಾಬ್ಸ್ ಎಂಬ ಸಂಸ್ಥೆ ‘ಸಾನ್ಸ್’ ಎಂಬ ಹೆಸರಿನ, ಸಾಗಣೆಯಲ್ಲಿ ಬಳಸಬಹುದಾದ ಸಿಪ್ಯಾಪ್ ಸಾಧನವನ್ನು ರೂಪಿಸಿತು. ವಿದ್ಯುತ್ತು, ಅದರೊಳಗಿನ ಬ್ಯಾಟರಿ, ಒತ್ತಡದಲ್ಲಿಟ್ಟ ಅನಿಲ ಇವುಗಳಿಂದಲೂ, ಏನೂ ಇಲ್ಲದಾಗ ಕೈಯಿಂದ ಗಾಳಿಯೊತ್ತಿಯೂ ಅದು ನಡೆಯುತ್ತದೆ. ಅದನ್ನು ರೂಪಿಸಿದವರಲ್ಲೊಬ್ಬರಾದ ನಿತೇಶ್ ಕುಮಾರ್ ಜಾಂಗಿರರಿಗೆ 2019ರಲ್ಲಿ ಕಾಮನ್‌ವೆಲ್ತ್ ಮಹಾಕಾರ್ಯದರ್ಶಿಯ ಪ್ರಶಸ್ತಿ ಸಂದಿತು. ಅದಕ್ಕೂ ಹಿಂದೆ, 2009ರ ಸುಮಾರಿಗೆ, ವೈಟ್‌ಫೀಲ್ಡಿನ ಜಿ.ಇ. ತಾಂತ್ರಿಕ ಕೇಂದ್ರದಲ್ಲಿ ‘ಲಲಬೈ’ ಎಂಬ ಅಗ್ಗದ ಶಿಶುತಾಪಕ ಸಿದ್ಧವಾಗಿತ್ತು. ತಾಪಕಕ್ಕೂ ಉಸಿರಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಮೈ ತಣ್ಣಗಾದ ಶಿಶುವಿನಲ್ಲಿ ಶ್ವಾಸಕೋಶದ ರಕ್ತನಾಳಗಳು ಮತ್ತಷ್ಟು ಬಿಗಿಯುತ್ತವೆ. ನಾವು ಮೇಲೆ ಭಯಂಕರವೆಂದು ಹೇಳಿದ ಸ್ಥಿತಿ ಅದರಿಂದ ಬಿಗಡಾಯಿಸುತ್ತದೆ.

ಇಷ್ಟಾದರೂ ಯಂತ್ರಗಳಿಗಿಂತ ಮೊದಲು ಬರುವುದು ಒಂದು ಲೆಕ್ಕ. ಮುಂದುವರಿದ ದೇಶಗಳಲ್ಲಿ ಈ ರೋಗ ಇಳಿದುದಕ್ಕೆ, ಗರ್ಭವು ದಿನ ಮೀರಲು ಬಿಡದೆ 41 ವಾರಗಳ ಸುಮಾರಿಗೆ ಹೆರಿಗೆ ಮಾಡಿಸುವುದು ಮುಖ್ಯ ಕಾರಣವೆಂದು ಎಣಿಸಲಾಗಿದೆ. ಅದಕ್ಕೆ ದಿನಗಳ ಲೆಕ್ಕ ಸರಿಯಾಗಿರಬೇಕು. ಲೆಕ್ಕಕ್ಕೆ ಮೊದಲ ಮೂರು ತಿಂಗಳೊಳಗೆ ಒಂದು ಸ್ಕ್ಯಾನಿಂಗ್ ಆಗಬೇಕು. ಬಾಡಿಗೆಯ ಕೋಣೆಯಿಂದ ಕೋಣೆಗೆ, ಒಂದು ಕಾರ್ಖಾನೆಯಿಂದ ಇನ್ನೊಂದಕ್ಕೆ ಹೋಗುತ್ತ, ತಾಯಿ ಕಾರ್ಡನ್ನು ಒಂದೂರಿನಲ್ಲಿ ಮಾಡಿಸಿ ಇನ್ನೊಂದೂರಿನಲ್ಲಿ ಹೆರುವ ವಲಸೆಯ ಹೆಂಗಸಿನ ವಿಷಯದಲ್ಲಿ ತಪ್ಪಿಹೋಗುವುದು ಈ ಲೆಕ್ಕವೇ. ನಮ್ಮ ಬಂಧುವಿನ ಸೊಸೆಯ ಚೀಟಿಯಲ್ಲಿಯೂ ದಿನಾಂಕವನ್ನು ಎರಡು ಬಾರಿ ಹೊಡೆದು ತಿದ್ದಿತ್ತು. ಹೆರಿಗೆಗೆ ಮುನ್ನ ಒಡೆದ ನೀರು ಹಸಿರಾಗಿದ್ದರೆ ಹೊತ್ತುಗಳೆಯದೆ ಆಸ್ಪತ್ರೆಗೆ ಹೋಗಿ, ಬಣ್ಣವನ್ನು ವೈದ್ಯರಿಗೆ ಹೇಳಬೇಕೆಂಬುದನ್ನೂ ಆಕೆಗೆ ಯಾರೂ ಮೊದಲೇ ತಿಳಿಸಿರಲಿಲ್ಲ.

ಆ ಕೂಸು ಒಂಬತ್ತನೆಯ ದಿನ ಮನೆಗೆ ಬಂದಿತು. ದೂರು ಕೊಡುವ ಮಾತು ಅಷ್ಟರಲ್ಲಿ ನಿಂತಿತ್ತು. ಮೇಲಿನ ಚರಿತ್ರೆಯನ್ನು ನಾವು ದೊಡ್ಡಮ್ಮನಿಗೆ ನಮಗೆ ತಿಳಿದಂತೆ ವಿವರಿಸಿದಾಗ, ಅವರು ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ಅಷ್ಟು ವರ್ಷ ಅಷ್ಟು ಕೂಸುಗಳಿಗೆ ನಾವು ಮಾಡಿದ್ದೇನಪ್ಪ?” ಎಂದು ಕೇಳಿದರು. ಹೆಚ್ಚಿನವಕ್ಕೆ ಅದರಿಂದ ಒಳಿತೂ ಆಗಲಿಲ್ಲ, ಕೆಡುಕೂ ಆಗಲಿಲ್ಲ. ಕೆಲವಕ್ಕೆ ಗಾಳಿ ಸೇರುವುದು ಒಂದೆರಡು ನಿಮಿಷ ತಡವಾಗಿದ್ದಿರಬಹುದು ಎಂದೆವು. ಅವರಿಗೆ ಈ ಉತ್ತರ ಹಿಡಿಸಲಿಲ್ಲ. ತಾವು ಕೆಲಸ ಮಾಡುತ್ತಿದ್ದಾಗ ಕೊಳವೆ ಮೇಜಿನ ಎಡಗಡೆಯ ಗೋಡೆಗೆ ತೂಗುತ್ತಿತ್ತೆಂದೂ, ಪೀಣ್ಯದ ಆಸ್ಪತ್ರೆಯಲ್ಲಿಯೂ ಅದೇ ಜಾಗದಲ್ಲಿ ತೂಗುತ್ತಿದ್ದುದನ್ನು ಕಂಡೆನೆಂದೂ, ಬೇಡವಾದ ಮೇಲೆ ಅದನ್ನು ಅಲ್ಲೇಕೆ ಇಟ್ಟಿದ್ದಾರೆಂದೂ ಕೇಳಿದರು. ಚೀಲದಿಂದ ಗಾಳಿ ತುಂಬಿದರೂ ಎದೆ ಏಳದೆ, ನಾಳವೇ ಕಟ್ಟಿಕೊಂಡಿದೆಯೆಂದು ತೋರಿದಾಗ ಈಗಲೂ ಅದನ್ನು ಬಳಸುತ್ತಾರೆ.